ಹಿಡಿ ಬಿಟ್ಟು ಹಾರಿದ ಸುತ್ತಿಗೆ

ಮಂಗಳೂರಿನ ಕುಲಶೇಖರದಲ್ಲಿ ನನ್ನದೊಂದು ಸಣ್ಣ ಮರದ ವರ್ಕ್‌ಶಾಪ್ ಇದೆ. ಬಾಗಿಲು, ದಾರಂದ, ಮಂಚ ಮಾಡುತ್ತೇವೆ. ಇಗರ್ಜಿಯ ಬೆಂಚುಗಳ ರಿಪೇರಿಯೂ ಬರುತ್ತದೆ. ಯೇಸು ಬಡಗಿ ಅಂತ ಪ್ರಸಂಗದಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಆದರೆ ಕೆಲಸದ ಜಾಗದ ಅವಘಡಗಳ ಬಗ್ಗೆ ಬೈಬಲ್‌ನಲ್ಲಿ ಎಷ್ಟೊಂದು ಇದೆ ಅನ್ನುವುದು ಅಲ್ಲಿ ಬರುವುದು ಕಡಿಮೆ. ನಮ್ಮ ಶಾಪಿನ ಕಟ್ಟುಪಾಡುಗಳು ಹೆಚ್ಚಿನವು ಅಲ್ಲಿಂದಲೇ ಬಂದವು.

ಮೊದಲು ಸುತ್ತಿಗೆಯ ವಿಷಯ. ನಮ್ಮ ಮಳೆಗಾಲದಲ್ಲಿ ಮರದ ಹಿಡಿ ತೇವ ಎಳೆದುಕೊಂಡು ಉಬ್ಬುತ್ತದೆ, ತಲೆ ಗಟ್ಟಿಯಾಗಿ ಕೂರುತ್ತದೆ. ಜನವರಿ ಹೊತ್ತಿಗೆ ಒಣಗಿ ಸಡಿಲವಾಗುತ್ತದೆ. ಒಮ್ಮೆ ಹೀಗೆಯೇ ತಲೆ ಹಾರಿ, ಹೆಲ್ಪರ್ ಹುಡುಗನ ಕಿವಿಯ ಪಕ್ಕದಲ್ಲೇ ಹೋಗಿ ತಗಡಿಗೆ ಬಡಿಯಿತು. ಹುಡುಗನಿಗಿಂತ ಜಾಸ್ತಿ ನಡುಗಿದ್ದು ಸುತ್ತಿಗೆ ಹಿಡಿದಿದ್ದವನು. "ಪೊರ್ಬುಗಳೇ, ನಾನು ಬೇಕಂತ ಮಾಡಿದ್ದಲ್ಲ" ಅಂತ ನನ್ನ ಹತ್ತಿರ ಅದನ್ನೇ ಹೇಳುತ್ತಿದ್ದ. ನಮ್ಮ ಕಡೆ ಕ್ರೈಸ್ತರನ್ನು ಪೊರ್ಬು ಅಂತ ಕರೆಯುವುದುಂಟು.

ಬೈಬಲ್‌ನ ಧರ್ಮೋಪದೇಶಕಾಂಡ ಅನ್ನುವ ಪುಸ್ತಕದ 19ನೇ ಅಧ್ಯಾಯದಲ್ಲಿ ಇಂಥದ್ದೇ ಇದೆ. ಇಬ್ಬರು ಮರ ಕಡಿಯಲು ಕಾಡಿಗೆ ಹೋಗುತ್ತಾರೆ. ಕೊಡಲಿ ಹಿಡಿಯಿಂದ ಕಳಚಿ ಒಬ್ಬನಿಗೆ ಬಡಿದು ಅವನು ಸಾಯುತ್ತಾನೆ. ಕಡಿಯುತ್ತಿದ್ದವನಿಗೆ ಅವನ ಮೇಲೆ ಹಗೆ ಇರಲಿಲ್ಲ. ಹಾಗಾಗಿ ಸೇಡಿನವರ ಕೈಗೆ ಸಿಗದಂತೆ ಅವನಿಗೆ ಓಡಿಹೋಗಲು ಒಂದು ಆಶ್ರಯದ ಊರು ಇರಬೇಕು ಅನ್ನುತ್ತದೆ ಆ ಕಾನೂನು. ನಮ್ಮಲ್ಲೂ ಹಾಗೆಯೇ. ಏನಾದರೂ ಆದರೆ ಮೊದಲು ಪೆಟ್ಟಾದವನನ್ನು ನೋಡುವುದು. ಆಮೇಲೆ ಕೆಲಸ ಮಾಡುತ್ತಿದ್ದವನನ್ನು ಕೂರಿಸಿ ಚಾ ಕೊಡುವುದು. ಬೈಗುಳ ಇಲ್ಲ. ಬೈದರೆ ಮುಂದಿನ ಸಲ ಸಡಿಲ ಹಿಡಿಯನ್ನು ಯಾರೂ ತಂದು ತೋರಿಸುವುದಿಲ್ಲ ಮಾರಾಯ್ರೆ, ಸುಮ್ನೆ ಮೂಲೆಗೆ ಇಟ್ಟುಬಿಡುತ್ತಾರೆ!

ಸಡಿಲ ಹಿಡಿಗೆ ಎಲ್ಲರೂ ಮಾಡುವ ಉಪಾಯ ರಾತ್ರಿ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿಡುವುದು. ಅದು ಎರಡು ದಿನದ ಮಾತು. ಉಬ್ಬಿದ ಮರ ಕಬ್ಬಿಣದ ಒಳಗೆ ಜಜ್ಜಿಹೋಗಿ, ಒಣಗಿದ ಮೇಲೆ ಮೊದಲಿಗಿಂತ ಸಡಿಲವಾಗುತ್ತದೆ. ನಾವು ತಲೆ ತೆಗೆದು, ಹಿಡಿಯನ್ನು ಕೆತ್ತಿ ಸರಿಯಾಗಿ ಕೂರಿಸಿ, ಹೊಸ ಬೆಣೆ ಹೊಡೆಯುತ್ತೇವೆ. ಅದಕ್ಕೆ ಚೆನ್ನಾಗಿ ಒಣಗಿದ ಮರವೇ ಬೇಕು. ಆಯುಧಪೂಜೆಗೆ ಹುಡುಗರು ಸಾಮಾನೆಲ್ಲ ಹೊರಗೆ ತೆಗೆದು ಒರೆಸುತ್ತಾರೆ, ಹಿಡಿಗಳನ್ನು ಅಲುಗಾಡಿಸಿ ನೋಡುವುದು ಆಗಲೇ. ಮೇ 1 ಕಾರ್ಮಿಕ ಸಂತ ಜೋಸೆಫರ ಹಬ್ಬ, ಆಗ ಇನ್ನೊಮ್ಮೆ. ಎರಡು ಹಬ್ಬ, ಎರಡು ತಪಾಸಣೆ. ಯಾರಿಗೂ ತಕರಾರಿಲ್ಲ.

ಉಳಿಯ ವಿಷಯ ಬೈಬಲ್‌ನ ಪ್ರಸಂಗಿ ಅನ್ನುವ ಪುಸ್ತಕದ 10ನೇ ಅಧ್ಯಾಯದಲ್ಲಿದೆ. ಮೊಂಡು ಕಬ್ಬಿಣವನ್ನು ಮಸೆಯದಿದ್ದರೆ ಜಾಸ್ತಿ ಬಲ ಹಾಕಬೇಕಾಗುತ್ತದೆ ಅನ್ನುತ್ತಾನೆ. ಆ ಜಾಸ್ತಿ ಬಲವೇ ಕೈ ಕೊಯ್ಯುವುದು. ಮೊಂಡು ಉಳಿ ಮರಕ್ಕೆ ಇಳಿಯದೆ ಜಾರುತ್ತದೆ, ಎದುರಿಗೆ ಎಡಗೈ ಇರುತ್ತದೆ. ಹಾಗಾಗಿ ನಮ್ಮಲ್ಲಿ ದಿನದ ಕೆಲಸ ಶುರುವಾಗುವುದು ಸಾಣೆಕಲ್ಲಿನ ಹತ್ತಿರ. ಸಾಧಾರಣ ಮರಕ್ಕೆ ಉಳಿಯ ಬಾಯಿಗೆ 25 ಡಿಗ್ರಿ ಓರೆ ಸಾಕು, ಗಟ್ಟಿ ಮರಕ್ಕೆ 30ರ ಹತ್ತಿರ. ಮಸೆಯುವ ಹೊತ್ತಿಗೂ ಸಂಬಳ ಇದೆ. ಇದನ್ನು ಬಾಯಿಬಿಟ್ಟು ಹೇಳಬೇಕಾಗುತ್ತದೆ, ಇಲ್ಲದಿದ್ದರೆ ಧಣಿ ನೋಡುತ್ತಾರೆ ಅಂತ ಮಸೆಯದೆಯೇ ಕೆಲಸಕ್ಕೆ ಕೂರುತ್ತಾರೆ.

ಅವಘಡ ಆದಾಗ "ಯಾವ ಪಾಪಕ್ಕೋ ಏನೋ" ಅನ್ನುವವರು ನಮ್ಮ ಕ್ರೈಸ್ತರಲ್ಲೂ ಇದ್ದಾರೆ. ಅಂಥವರಿಗೆ ಬೈಬಲ್‌ನ ಲೂಕನ ಸುವಾರ್ತೆಯ 13ನೇ ಅಧ್ಯಾಯ ತೋರಿಸುತ್ತೇನೆ. ಜೆರುಸಲೇಮಿನ ಸಿಲೊವಾಮ್ ಅನ್ನುವಲ್ಲಿ ಬುರುಜು ಬಿದ್ದು 18 ಮಂದಿ ಸತ್ತಿದ್ದರು. ಅವರು ಉಳಿದವರಿಗಿಂತ ದೊಡ್ಡ ಪಾಪಿಗಳಾ ಅಂತ ಕೇಳಿ, ಅಲ್ಲ ಅಂತ ಯೇಸುವೇ ಹೇಳುತ್ತಾನೆ.

ಇನ್ನೊಬ್ಬನ ಕಣ್ಣಿನ ರವೆ ತೆಗೆಯುವ ಮೊದಲು ನಿನ್ನ ಕಣ್ಣಿನೊಳಗಿನ ತೊಲೆ ತೆಗೆ ಅಂತ ಯೇಸು ಹೇಳಿದ ಮಾತಂತೂ ನಮ್ಮಲ್ಲಿ ಎಲ್ಲರಿಗೂ ಗೊತ್ತು. ನಮ್ಮಲ್ಲಿ ಅದು ಗ್ರೈಂಡರಿನ ಪಕ್ಕ ನೇತುಹಾಕಿದ ಕನ್ನಡಕದ ನಿಯಮವಾಗಿದೆ. ಕನ್ನಡಕ ಇಲ್ಲದೆ ಯಾರು ಗ್ರೈಂಡರ್ ಮುಟ್ಟಿದರೂ ಸ್ವಿಚ್ ಆಫ್ ಮಾಡುವ ಹಕ್ಕು ಹೆಲ್ಪರ್ ಹುಡುಗನಿಗೂ ಇದೆ. ಅವನು ಅದನ್ನು ನನ್ನ ಮೇಲೇ ಜಾಸ್ತಿ ಚಲಾಯಿಸುವುದು.