ಗೋಪಾಲಸ್ವಾಮಿಯವರ ಬದುಕನ್ನು ಬಾನುಲಿ ರೂಪಕವಾಗಿ ಬರೆಯುವ ಬಗೆ

ಸಮುದಾಯ ಬಾನುಲಿಗಾಗಿ, ಮೈಸೂರಿನಲ್ಲಿ ಬಾನುಲಿ ಕೇಂದ್ರ ಕಟ್ಟಿದ ಡಾ. ಎಂ.ವಿ. ಗೋಪಾಲಸ್ವಾಮಿಯವರ ಮೇಲೆ ಅರ್ಧ ಗಂಟೆಯ ರೂಪಕ (ನಿರೂಪಣೆ, ಮಾತು, ದನಿಗಳನ್ನು ಹೆಣೆದ ಕಾರ್ಯಕ್ರಮ) ಬರೆಯುವವರು ಹುಟ್ಟು, ಓದು, ನೌಕರಿ ಎಂಬ ಕ್ರಮವನ್ನು ಹಿಡಿಯಬೇಡಿ. ನಾನು ರೂಪಕ ಬರೆಯುವುದನ್ನು ಕಲಿಸುವಾಗ ಮೊದಲು ಹೇಳುವ ಮಾತು ಇದೇ. 1935ರ ಸೆಪ್ಟೆಂಬರ್ 10ರಂದು ಮೈಸೂರಿನ ತಮ್ಮ ಸ್ವಂತ ಮನೆ ‘ವಿಠ್ಠಲ ವಿಹಾರ’ದಿಂದ ಅವರು ಪ್ರಸಾರ ಆರಂಭಿಸಿದರು. ಕೇಳುಗರು ನೇರವಾಗಿ ಆ ಮನೆಯೊಳಗೆ ಹೋಗಲಿ.

ನಂತರ ಎರಡೇ ವಾಕ್ಯದಲ್ಲಿ ಕಾಲವನ್ನು ಹೇಳಿ. 1927ರಲ್ಲಿ ಮುಂಬೈ ಮತ್ತು ಕಲ್ಕತ್ತಾಗಳಲ್ಲಿ ಬಾನುಲಿ ಕೇಂದ್ರ ತೆರೆದಿದ್ದ ಖಾಸಗಿ ಕಂಪನಿ 1930ರಲ್ಲೇ ಮುಚ್ಚಿಹೋಗಿತ್ತು. ಇಷ್ಟು ತಿಳಿದರೆ ಮಾತ್ರ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಗೋಪಾಲಸ್ವಾಮಿಯವರ ಎದೆಗಾರಿಕೆ ಅರ್ಥವಾಗುತ್ತದೆ. ಬಂಡವಾಳವಿದ್ದ ಕಂಪನಿ ಸೋತ ಕೆಲಸಕ್ಕೆ ಅವರು ಒಬ್ಬರೇ ಕೈಹಾಕಿದರು. ರೂಪಕದ ಜೀವ ಇರುವುದು ಇಲ್ಲಿ. ಹತ್ತು ನಿಮಿಷ ಕೊಟ್ಟರೂ ಹೆಚ್ಚಲ್ಲ.

ಆ ಆರಂಭದ ಪ್ರಸಾರದಲ್ಲಿ ಕುವೆಂಪು ಕವನ ವಾಚಿಸಿದರು. ಆ ವಾಚನವನ್ನು ನಟರಿಂದ ಅನುಕರಣೆ ಮಾಡಿಸಬೇಡಿ. ಕುವೆಂಪು ಅವರ ದನಿಯನ್ನು ಬಲ್ಲವರು ಇನ್ನೂ ಇದ್ದಾರೆ, ಅವರಿಗೆ ನೋವಾಗುತ್ತದೆ. ನಿರೂಪಕರು ಸಂಗತಿಯನ್ನಷ್ಟೇ ಹೇಳಿ ಒಂದು ಕ್ಷಣ ಬಿಡುವು ಕೊಡಲಿ. ಗೋಪಾಲಸ್ವಾಮಿಯವರ ಜೊತೆಗೆ ದುಡಿದ ಸಾಹಿತಿ ನಾ. ಕಸ್ತೂರಿಯವರನ್ನು ಖಂಡಿತ ತನ್ನಿ; ಕೇಂದ್ರವನ್ನು ಒಬ್ಬರೇ ನಡೆಸಿದರೆಂಬ ಭಾವನೆ ಬರಬಾರದು.

ಹಿರಿಯರ ಮಾತುಗಳನ್ನು ಧ್ವನಿಮುದ್ರಿಸಲು ಹೋದಾಗ ‘ಆ ಕಾಲ ಹೇಗಿತ್ತು?’ ಎಂದು ಕೇಳಿದರೆ ‘ಚೆನ್ನಾಗಿತ್ತು’ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ರೇಡಿಯೋ ಮನೆಯ ಯಾವ ಕೋಣೆಯಲ್ಲಿತ್ತು, ತಿರುಗಣೆ ಮುಟ್ಟುವ ಅಧಿಕಾರ ಯಾರದು, ಪ್ರಸಾರದ ಅಲೆಗಳನ್ನು ಹಿಡಿಯುವ ಏರಿಯಲ್ ತಂತಿಯನ್ನು ಎಲ್ಲಿಂದ ಎಲ್ಲಿಗೆ ಕಟ್ಟಿದ್ದರು, ರೇಡಿಯೋದೊಳಗಿನ ಗಾಜಿನ ವಾಲ್ವ್ ಬಿಸಿಯಾಗಿ ದನಿ ಬರುವವರೆಗೆ ಎಲ್ಲರೂ ಏನು ಮಾಡುತ್ತಿದ್ದರು ಎಂದು ಕೇಳಿ. ಹಳೆಯ ರೇಡಿಯೋ ಲೈಸೆನ್ಸ್ ಪುಸ್ತಕ ಉಳಿದಿದೆಯೇ ಎಂದೂ ವಿಚಾರಿಸಿ. ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ನವೀಕರಿಸುತ್ತಿದ್ದ ಆ ಪುಸ್ತಕದ ಮುದ್ರೆಗಳಿಂದ ಮನೆಗೆ ರೇಡಿಯೋ ಬಂದ ವರ್ಷ ಗೊತ್ತಾಗಬಹುದು. ಆ ಕಾಲದ ಕೇಳುಗರು ಈಗ ವಿರಳ. ಅವರ ಮಕ್ಕಳನ್ನಾದರೂ ಇಂದೇ ಹುಡುಕಿ.

ಕೇಂದ್ರ 1940ರ ದಶಕದ ಆರಂಭದಲ್ಲಿ ಮೈಸೂರು ಸರ್ಕಾರದ ಕೈಗೆ ಬಂದದ್ದನ್ನೂ, 1955ರ ನವೆಂಬರ್‌ನಲ್ಲಿ ಬೆಂಗಳೂರು ಕೇಂದ್ರ ಆರಂಭವಾದದ್ದನ್ನೂ ಬೇಗ ಹೇಳಿ ಮುಗಿಸಿ. ಆದರೆ ಮೈಸೂರಿನಲ್ಲಿ ಮೊದಲು ಬಳಕೆಗೆ ಬಂದ ‘ಆಕಾಶವಾಣಿ’ ಎಂಬ ಹೆಸರನ್ನೇ ಮುಂದೆ ದೇಶದ ಬಾನುಲಿಯೂ ತನ್ನದಾಗಿಸಿಕೊಂಡಿತೆಂಬುದನ್ನು ಬಿಡಬೇಡಿ.

ಬರೆದದ್ದನ್ನು ಗಟ್ಟಿಯಾಗಿ ಓದಿ, ಗಡಿಯಾರ ಇಟ್ಟುಕೊಂಡು ಅಳೆಯಿರಿ. ಒಂದೇ ಉಸಿರಿನಲ್ಲಿ ಮುಗಿಯದ ವಾಕ್ಯವನ್ನು ಎರಡಾಗಿ ಒಡೆಯಿರಿ. ಒಂದೇ ವಾಕ್ಯದಲ್ಲಿ ಎರಡು ಇಸವಿಗಳು ಬೇಡ, ಕಿವಿ ಹಿಂದಿನ ಪುಟಕ್ಕೆ ತಿರುಗಲಾರದು. ಕೊನೆಗೆ ವಿಷಯ ಗೊತ್ತಿಲ್ಲದ ಒಬ್ಬರಿಗೆ ಓದಿ ಹೇಳಿ. ಅವರು ಎಲ್ಲಿ ‘ಅವರು ಅಂದರೆ ಯಾರು?’ ಎಂದು ಕೇಳುತ್ತಾರೋ ಅಲ್ಲಿ ಗೋಪಾಲಸ್ವಾಮಿಯವರ ಹೆಸರನ್ನು ಮತ್ತೊಮ್ಮೆ ಸೇರಿಸಿ.