ಹಂದಿಯ ಸ್ಥಿತಿಯನ್ನೂ ಮಾಂಸದ ಗುಣವನ್ನೂ ಒಂದೇ ಪುಸ್ತಕದಲ್ಲಿ ಬರೆದಿಟ್ಟ ಬಗೆ

ಹಾಸನ ಜಿಲ್ಲೆಯ ಒಂದು ಸಣ್ಣ ವಧಾಗೃಹದಲ್ಲಿ ಪಶುವೈದ್ಯನಾಗಿ ಹಂದಿಗಳ ತಪಾಸಣೆ ಮಾಡುತ್ತಿದ್ದಾಗ, ಸಕಲೇಶಪುರ ಮತ್ತು ಮೂಡಿಗೆರೆ ಕಡೆಯ ತೋಟದ ಮನೆಗಳಿಗೆ ಮಾಂಸ ಒದಗಿಸುತ್ತಿದ್ದ ಅಂಗಡಿಯವರು ಒಂದೇ ದೂರನ್ನು ಮತ್ತೆ ಮತ್ತೆ ಹೇಳುತ್ತಿದ್ದರು: "ಡಾಕ್ಟ್ರೇ, ಕೆಲವು ವಾರ ಮಾಂಸ ಬಾಣಲೆಗೆ ಹಾಕಿದ ತಕ್ಷಣ ನೀರು ಬಿಡ್ತದೆ, ಗಿರಾಕಿಗಳು ನಮ್ಮನ್ನೇ ಬೈತಾರೆ." ಹೋಟೆಲಿನ ಮುಸುರೆ ತಿಂದ ಹಂದಿಯಾದ್ದರಿಂದ ಹೀಗೆ ಎಂದು ಕೆಲವರು, ತಳಿಯೇ ಸರಿಯಿಲ್ಲ ಎಂದು ಇನ್ನು ಕೆಲವರು ಹೇಳುತ್ತಿದ್ದರು. ತಳಿಯ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಹ್ಯಾಲೋಥೇನ್ ಜೀನ್ ಎಂಬ ಹುಟ್ಟಿನಿಂದ ಬರುವ ದೋಷ ಇರುವ ಹಂದಿಗಳ ಮಾಂಸ ಸಣ್ಣ ಗಾಬರಿಗೂ ಕೆಡುತ್ತದೆ. ಆದರೆ ಒಂದೇ ಸಾಕಣೆದಾರರ ಒಂದೇ ತಳಿಯ ಹಂದಿಗಳು ಒಂದು ವಾರ ಒಳ್ಳೆಯ ಮಾಂಸವನ್ನೂ ಮರುವಾರ ನೀರೂರುವ ಮಾಂಸವನ್ನೂ ಕೊಡುತ್ತಿದ್ದುದರಿಂದ, ಕಾರಣವನ್ನು ಗಾಡಿಯಿಂದ ಇಳಿಯುವ ಹೊತ್ತಿಗೂ ಕತ್ತಿ ತಾಗುವ ಹೊತ್ತಿಗೂ ನಡುವೆ ಹುಡುಕಬೇಕೆಂದು ನನಗೆ ಅನ್ನಿಸಿತು.

ಮೊದಲು ಮಾಡಬೇಕಾದ ಕೆಲಸ ಪ್ರತಿ ಹಂದಿಗೂ ಒಂದು ಸಂಖ್ಯೆ ಕೊಟ್ಟು, ಅದು ಮಾಂಸದ ತುಂಡಿನವರೆಗೂ ಉಳಿಯುವಂತೆ ನೋಡಿಕೊಳ್ಳುವುದು. ಬೆನ್ನ ಮೇಲೆ ಬಣ್ಣದ ಕಡ್ಡಿಯಿಂದ ಬರೆದ ಅಂಕಿ ದೊಡ್ಡಿಯಲ್ಲಿ ಗುರುತಿಗೆ ಸಾಕು, ಆದರೆ ಕೂದಲು ತೆಗೆಯುವ ಬಿಸಿನೀರಿನಲ್ಲಿ ಅಳಿಸಿಹೋಗುತ್ತದೆ. ಆದ್ದರಿಂದ ರಕ್ತ ಹರಿದು ಮುಗಿದ ಕೂಡಲೇ ಅದೇ ಅಂಕಿಯಿರುವ ತಗಡಿನ ಬಿಲ್ಲೆಯನ್ನು ಹಿಂಗಾಲಿಗೆ ಕಟ್ಟಿಸುತ್ತಿದ್ದೆ. ಸಂಖ್ಯೆ ತಪ್ಪಿದರೆ ಜೀವಂತ ಹಂದಿಯ ವಿವರ ಒಂದೆಡೆ, ಮಾಂಸದ ವಿವರ ಇನ್ನೊಂದೆಡೆ ಉಳಿದು, ಎರಡೂ ಉಪಯೋಗಕ್ಕೆ ಬರುವುದಿಲ್ಲ.

ಇಳಿಸುವಾಗ ಜಾರುವುದು, ಬೀಳುವುದು, ಹಿಂದಕ್ಕೆ ತಿರುಗುವುದು, ಕಿರುಚುವುದು, ಈ ನಾಲ್ಕನ್ನು ಬರೆದುಕೊಂಡೆ. ವಧಾಗೃಹದಲ್ಲಿ ಇಂಥವನ್ನು ಎಣಿಸಿ ಅಂಕ ಕೊಡುವ ಪದ್ಧತಿಯನ್ನು ಅಮೆರಿಕದ ಟೆಂಪಲ್ ಗ್ರ್ಯಾಂಡಿನ್ 1990ರ ದಶಕದಲ್ಲಿ ರೂಪಿಸಿದರು. ಅವರ ಲೆಕ್ಕದಲ್ಲಿ ಬೀಳುವ ಪ್ರಾಣಿಗಳ ಪ್ರಮಾಣ ಶೇಕಡಾ 1ನ್ನು ಮೀರಬಾರದು. ದಿನಕ್ಕೆ ಬೆರಳೆಣಿಕೆಯಷ್ಟು ಹಂದಿ ಬರುವ ನಮ್ಮಂಥ ಜಾಗದಲ್ಲಿ ಶೇಕಡಾವಾರಿಗೆ ಅರ್ಥವಿಲ್ಲ, ಏಕೆಂದರೆ ಒಂದೇ ಹಂದಿ ಬಿದ್ದರೂ ಮಿತಿ ದಾಟಿರುತ್ತದೆ. ಹಾಗಾಗಿ ಎಷ್ಟು ಬಿದ್ದವು ಎನ್ನುವುದಕ್ಕಿಂತ ಎಲ್ಲಿ ಬಿದ್ದವು ಎಂದು ಬರೆಯುವುದು ಹೆಚ್ಚು ಪ್ರಯೋಜನಕ್ಕೆ ಬಂತು. ಟಾಟಾ ಏಸ್ ಗಾಡಿಯ ಹಿಂಬದಿಗೆ ಒರಗಿಸುತ್ತಿದ್ದ ಹಲಗೆ ತೀರಾ ಕಡಿದಾಗಿತ್ತು. ಇಳಿಜಾರು 20 ಡಿಗ್ರಿ ಮೀರಿದರೆ ಹಂದಿ ಇಳಿಯಲು ಒಪ್ಪುವುದಿಲ್ಲ, ಒಪ್ಪದಿದ್ದಾಗ ಆಳುಗಳ ಕೈಯ ಕೋಲು ಕೆಲಸಕ್ಕಿಳಿಯುತ್ತದೆ. ಹಲಗೆಯನ್ನು ಉದ್ದ ಮಾಡಿಸಿ ಅಡ್ಡಪಟ್ಟಿ ಹೊಡೆಸಿದ ಮೇಲೆ, ಮತ್ತು ಕತ್ತಲಾಗಿದ್ದ ಒಳಬಾಗಿಲಿಗೆ ಒಂದು ದೀಪ ಹಾಕಿಸಿದ ಮೇಲೆ, ಕೋಲಿನ ಕೆಲಸ ತಾನಾಗಿ ಕಡಿಮೆಯಾಯಿತು. ಹಂದಿ ಬೆಳಕಿನಿಂದ ಕತ್ತಲಿಗೆ ಹೋಗಲು ಹಿಂಜರಿಯುತ್ತದೆ, ಕತ್ತಲಿಂದ ಬೆಳಕಿಗೆ ಸಲೀಸಾಗಿ ನಡೆಯುತ್ತದೆ.

ದೊಡ್ಡಿಯ ವಿಷಯ ಸ್ವಲ್ಪ ಸಿಕ್ಕಲಿನದು. 2001ರ ವಧಾಗೃಹ ನಿಯಮಗಳ ಪ್ರಕಾರ ತಪಾಸಣೆಯಾದ ಪ್ರಾಣಿಗೆ ವಧೆಗೆ ಮುನ್ನ 24 ಗಂಟೆ ವಿಶ್ರಾಂತಿ ಕೊಡಬೇಕು. ಒಂದು ಪ್ರಾಣಿಯ ಕಣ್ಣೆದುರಿನಲ್ಲಿ ಇನ್ನೊಂದನ್ನು ಕೊಲ್ಲುವಂತಿಲ್ಲ. ಆದರೆ ಹಂದಿಗೆ ಎರಡು ಮೂರು ಗಂಟೆಯ ವಿಶ್ರಾಂತಿಯೇ ಹೆಚ್ಚು ಹಿತ ಎಂದು ಮಾಂಸವಿಜ್ಞಾನ ಹೇಳುತ್ತದೆ, ಏಕೆಂದರೆ ಬೇರೆ ಬೇರೆ ಕಡೆಯಿಂದ ಬಂದ ಹಂದಿಗಳನ್ನು ಒಟ್ಟಿಗೆ ಕೂಡಿದರೆ ಅವು ಯಾರು ಮೇಲು ಎಂದು ತೀರ್ಮಾನವಾಗುವವರೆಗೂ ಕಚ್ಚಾಡುತ್ತವೆ. ಇದಕ್ಕಾಗಿ ನಿಯಮವನ್ನು ಮುರಿಯಬೇಕಿಲ್ಲ. ಒಬ್ಬ ಸಾಕಣೆದಾರರ ಹಂದಿಗಳನ್ನು ಇನ್ನೊಬ್ಬರವುಗಳ ಜೊತೆ ಸೇರಿಸದೆ, ಸದಾ ನೀರಿಟ್ಟು, ರಾತ್ರಿ ಉಳಿಯುವವಕ್ಕೆ ಸಂಜೆ ಸ್ವಲ್ಪ ಮೇವು ಕೊಟ್ಟರೆ ಆ ಸಮಯ ನಿಜವಾಗಿಯೂ ವಿಶ್ರಾಂತಿಯಾಗುತ್ತದೆ. ಡಿಸೆಂಬರಿನ ಬೆಳಗಿನಲ್ಲಿ ಒಂದರ ಮೇಲೊಂದು ಗುಂಪಾಗಿ ಮಲಗಿ ನಡುಗುವುದನ್ನೂ ಏಪ್ರಿಲ್‌ನಲ್ಲಿ ಬಾಯ್ತೆರೆದು ಏದುವುದನ್ನೂ ಪುಸ್ತಕದಲ್ಲಿ ಗುರುತು ಹಾಕುತ್ತಿದ್ದೆ. ಹಂದಿ ಬೆವರಿ ತಣಿಯುವ ಪ್ರಾಣಿಯಲ್ಲ.

ಪ್ರಜ್ಞೆ ತಪ್ಪಿಸುವ ಹಂತದಲ್ಲಿ ನನ್ನ ಗಮನವೆಲ್ಲ ವಿದ್ಯುತ್ ಇಕ್ಕಳದ ಜಾಗದ ಮೇಲಿರುತ್ತಿತ್ತು. ಕಣ್ಣು ಮತ್ತು ಕಿವಿಯ ನಡುವೆ ಎರಡೂ ಬದಿಗೆ ಇಕ್ಕಳ ಹಿಡಿದಾಗ ಮಾತ್ರ ವಿದ್ಯುತ್ ಮೆದುಳಿನ ಮೂಲಕ ಹರಿಯುತ್ತದೆ. ಕುತ್ತಿಗೆಗೆ ಹಿಡಿದರೆ ಹಂದಿ ಸೆಟೆದು ಬೀಳಬಹುದು, ಆದರೆ ಪ್ರಜ್ಞೆ ಹೋಗಿದೆ ಎಂದು ಹೇಳಲಾಗದು. ತಲೆಗೆ ಮಾತ್ರ ವಿದ್ಯುತ್ ಕೊಡುವುದಾದರೆ ಕನಿಷ್ಠ 1.3 ಆಂಪಿಯರ್ ಬೇಕೆಂದು ಯುರೋಪಿನ ಕಾನೂನು ಹೇಳುತ್ತದೆ. ಸರಿಯಾಗಿ ತಗುಲಿದ ಹಂದಿ ಮೊದಲು ಮರಗಟ್ಟಿದಂತೆ ಸೆಟೆದು, ಆಮೇಲೆ ಕಾಲು ಝಾಡಿಸುತ್ತದೆ. ಈ ಝಾಡಿಸುವಿಕೆಯನ್ನು ಕಂಡು ಇನ್ನೂ ಎಚ್ಚರವಿದೆ ಎಂದು ಹೊಸಬರು ಹೆದರುತ್ತಾರೆ. ನೋಡಬೇಕಾದದ್ದು ಕಾಲನ್ನಲ್ಲ, ಪಕ್ಕೆಯನ್ನು. ಕ್ರಮವಾದ ಉಸಿರಾಟ ಮರಳಿದರೆ ಪ್ರಜ್ಞೆ ಮರಳುತ್ತಿದೆ ಎಂದರ್ಥ, ಆಗ ಕೂಡಲೇ ಮತ್ತೊಮ್ಮೆ ವಿದ್ಯುತ್ ಕೊಡಿಸಬೇಕು. ಇಕ್ಕಳ ತೆಗೆದ 15 ಸೆಕೆಂಡಿನೊಳಗೆ ರಕ್ತನಾಳ ಕೊಯ್ಯಬೇಕು. ಕೊಯ್ಯುವುದು ತಡವಾದರೆ ಹಂದಿಗೆ ಹಿಂಸೆ, ಜೊತೆಗೆ ಮಾಂಸದಲ್ಲಿ ಅಲ್ಲಲ್ಲಿ ರಕ್ತದ ಚುಕ್ಕೆಗಳೂ ಹೆಚ್ಚುತ್ತವೆ.

ಚರ್ಮ ಓದುವುದನ್ನು ಕಲಿಯಲು ತಾಳ್ಮೆ ಬೇಕು. ಭುಜ ಮತ್ತು ಕತ್ತಿನ ಮೇಲಿನ ಚಿಕ್ಕ, ಬಾಗಿದ ಗೀರುಗಳು ಕಚ್ಚಾಟದವು. ಬೆನ್ನಿನ ಉದ್ದಕ್ಕೆ ಎಳೆದಂಥ ಸಮಾನಾಂತರ ಗೀರುಗಳು ಒಂದರ ಮೇಲೊಂದು ಹತ್ತಿದ್ದರಿಂದ ಆದವು. ನಡುವೆ ಬಿಳಿಚಿಕೊಂಡು ಎರಡು ಅಂಚಿನಲ್ಲಿ ಕೆಂಪಾದ ಗೆರೆ ಕೋಲಿನದು. ಕೆಂಪಗಿದ್ದರೆ ಹೊಸದು, ಕಂದುಬಣ್ಣಕ್ಕೆ ತಿರುಗಿ ಹಕ್ಕಳೆಗಟ್ಟಿದ್ದರೆ ಸಾಕಣೆಯ ಜಾಗದಲ್ಲೇ ಆಗಿದ್ದು. ಸುಮಾರು 60 ಡಿಗ್ರಿಯ ನೀರಿನಲ್ಲಿ ಅದ್ದಿ ಕೂದಲು ಹೆರೆದ ಮೇಲೆ ಇವೆಲ್ಲ ಚೆನ್ನಾಗಿ ಕಾಣುತ್ತವೆ. ಆದರೆ ನಮ್ಮ ಕಡೆಯ ಗಿರಾಕಿಗಳಿಗೆ ಸುಟ್ಟ ಚರ್ಮದ ವಾಸನೆಯೇ ರುಚಿ. ಸುಟ್ಟ ನಂತರ ಯಾವ ಗೀರೂ ಕಾಣುವುದಿಲ್ಲವಾದ್ದರಿಂದ ಹೆರೆಯುವುದಕ್ಕೂ ಸುಡುವುದಕ್ಕೂ ನಡುವೆ ಸಿಗುವ ಅಲ್ಪ ಸಮಯದಲ್ಲೇ ನೋಡಿ ಬರೆದುಕೊಳ್ಳಬೇಕಾಗಿತ್ತು.

ಮಾಂಸಕ್ಕೆ ನನ್ನ ಮುಖ್ಯ ಸಾಧನ ಚುಚ್ಚುವ ಪಿಎಚ್ ಮೀಟರ್. ಪಿಎಚ್ ಎಂದರೆ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಪ್ರತಿ ಬೆಳಿಗ್ಗೆ ಅದನ್ನು 4 ಮತ್ತು 7ರ ದ್ರಾವಣಗಳಲ್ಲಿ ಸರಿಹೊಂದಿಸಿ, ಕೊನೆಯ ಪಕ್ಕೆಲುಬಿನ ಬಳಿ ಬೆನ್ನಿನ ಸ್ನಾಯುವಿಗೂ ಹಿಂದೊಡೆಗೂ ಚುಚ್ಚುತ್ತಿದ್ದೆ. ಕೊಬ್ಬು ಅಂಟಿದ ಗಾಜಿನ ತುದಿ ಸುಳ್ಳು ಹೇಳುತ್ತದೆ, ಪ್ರತಿ ಸಲವೂ ಒರೆಸಬೇಕು. ಬದುಕಿರುವ ಸ್ನಾಯುವಿನ ಪಿಎಚ್ 7ರ ಆಸುಪಾಸು. ಸಾವಿನ ನಂತರ ಸ್ನಾಯುವಿನಲ್ಲಿರುವ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಲ್ಯಾಕ್ಟಿಕ್ ಆಮ್ಲವಾಗುತ್ತಾ, 24 ಗಂಟೆಯ ಹೊತ್ತಿಗೆ ಪಿಎಚ್ 5.5ರಿಂದ 5.8ಕ್ಕೆ ಇಳಿಯುವುದು ಸಹಜ. ಕೊಲ್ಲುವ ಮೊದಲಿನ ಕೆಲವು ನಿಮಿಷಗಳಲ್ಲಿ ಓಡಿಸಿ ಹೆದರಿಸಿದ ಹಂದಿಯಲ್ಲಿ ಈ ಇಳಿತ ಬಹು ಬೇಗ ನಡೆದು, 45 ನಿಮಿಷಕ್ಕೇ ಪಿಎಚ್ 6ಕ್ಕಿಂತ ಕೆಳಗಿರುತ್ತದೆ. ಮಾಂಸ ಬಿಸಿಯಾಗಿರುವಾಗಲೇ ಹುಳಿ ಹೆಚ್ಚಿದ್ದರಿಂದ ಅದರ ಪ್ರೋಟೀನು ಕೆಟ್ಟು, ನೀರು ಹಿಡಿದಿಡುವ ಶಕ್ತಿ ಕಳೆದುಕೊಳ್ಳುತ್ತದೆ. ಅಂಗಡಿಯವರು ದೂರಿದ ಪೇಲವ, ಮೆದು, ನೀರೂರುವ ಮಾಂಸ ಇದೇ. ರಾತ್ರಿಯೆಲ್ಲ ಕಚ್ಚಾಡಿ ಹಸಿದ ಹಂದಿಯಲ್ಲಾದರೋ ಗ್ಲೈಕೋಜನ್ ಮೊದಲೇ ಖರ್ಚಾಗಿರುವುದರಿಂದ ಹುಳಿಯಾಗಲು ಏನೂ ಉಳಿದಿರುವುದಿಲ್ಲ. ಮರುದಿನವೂ ಪಿಎಚ್ 6ರ ಮೇಲೆಯೇ ನಿಂತು, ಮಾಂಸ ಕಪ್ಪಗೆ, ಗಟ್ಟಿಯಾಗಿ, ಒಣಗಿದಂತಿರುತ್ತದೆ ಮತ್ತು ಬೇಗ ವಾಸನೆ ಬರುತ್ತದೆ.

ಬೆಳಿಗ್ಗೆ ಕೊಂದು ಮಧ್ಯಾಹ್ನಕ್ಕೆ ಮಾರಿ ಮುಗಿಸುವ ಊರಿನಲ್ಲಿ 24 ಗಂಟೆಯ ಅಳತೆಗೆ ಮಾಂಸವೇ ಉಳಿಯುವುದಿಲ್ಲ. ಬೆನ್ನಿನ ಸ್ನಾಯುವಿನ ಒಂದು ತುಂಡನ್ನು ದುಡ್ಡು ಕೊಟ್ಟು ಕೊಂಡು ಇಟ್ಟುಕೊಳ್ಳುತ್ತಿದ್ದೆ. ಬಿಸಿ ತುಂಡನ್ನು ನೇರವಾಗಿ ಮಂಜುಗಡ್ಡೆಯ ಪೆಟ್ಟಿಗೆಗೆ ಹಾಕಿದರೆ ಸ್ನಾಯು ಚಳಿಗೆ ಸೆಳೆದುಕೊಂಡು ಕುಗ್ಗಿ ಅಳತೆಯೇ ಕೆಡುತ್ತದೆ. ಕೆಲವು ಗಂಟೆ ತಂಪಾದ ಕೋಣೆಯಲ್ಲಿಟ್ಟು ನಂತರ ಫ್ರಿಜ್‌ಗೆ ಸೇರಿಸುವುದು ಸರಿ. ಮರುದಿನ ಪಿಎಚ್ ನೋಡಿ, ತೂಗಿ, ದಾರದಲ್ಲಿ ಕಟ್ಟಿ ಚೀಲದ ಗೋಡೆಗೆ ತಾಗದಂತೆ ಫ್ರಿಜ್‌ನಲ್ಲೇ ತೂಗುಹಾಕಿ, ಇನ್ನೊಂದು ದಿನದ ಬಳಿಕ ಮತ್ತೆ ತೂಗಿದರೆ ಎಷ್ಟು ನೀರು ಸೋರಿತೆಂದು ತಿಳಿಯುತ್ತದೆ. ತೂಕದ ಶೇಕಡಾ 5ಕ್ಕಿಂತ ಹೆಚ್ಚು ಸೋರಿದ್ದನ್ನು ನಾನು ಕೆಟ್ಟದ್ದೆಂದು ಬರೆಯುತ್ತಿದ್ದೆ.

ಎರಡು ಬದಿಯ ವಿವರಗಳನ್ನು ಒಟ್ಟಿಗೆ ಓದಿದಾಗ ಚಿತ್ರ ತಿಳಿಯಾಯಿತು. ಭಾನುವಾರದ ಗಿರಾಕಿಗಳ ಒತ್ತಡದಲ್ಲಿ ಗಾಡಿಯಿಂದ ಇಳಿಸಿ ನೇರವಾಗಿ ಒಳಗೆ ಅಟ್ಟಿದವು ನೀರು ಬಿಟ್ಟವು; ಹಿಂದಿನ ಸಂಜೆ ಬಂದು ಬೇರೆ ಹಂದಿಗಳ ಜೊತೆ ಕೂಡಿಹಾಕಲ್ಪಟ್ಟವು ಭುಜದ ತುಂಬ ಗೀರು ಹೊತ್ತು ಕಪ್ಪು ಮಾಂಸವಾದವು. ಇದಕ್ಕಿಂತ ಮುಖ್ಯವೆಂದು ನಾನು ಎಣಿಸುವುದು ಹೊಂದಿಕೆಯಾಗದ ಸಾಲುಗಳನ್ನು. ಕುಂಟುತ್ತಾ ಬಂದ ಹಂದಿ, ಇಕ್ಕಳ ತಪ್ಪಿ ಎರಡನೇ ಸಲ ವಿದ್ಯುತ್ ಕೊಡಿಸಿದ ಹಂದಿ, ಇಂಥವುಗಳ ಮಾಂಸ ಹಲವು ಸಲ ಎಲ್ಲ ಅಳತೆಗಳಲ್ಲೂ ಉತ್ತಮವಾಗಿಯೇ ಇತ್ತು. ಮಾಂಸ ಚೆನ್ನಾಗಿದೆ, ಆದ್ದರಿಂದ ಪ್ರಾಣಿಯನ್ನೂ ಚೆನ್ನಾಗಿ ನಡೆಸಿಕೊಂಡಿದ್ದಾರೆ ಎನ್ನುವ ವಾದವನ್ನು ನಾನು ಆ ಬಳಿಕ ಯಾರಿಂದಲೂ ಒಪ್ಪಲಿಲ್ಲ. ಪಿಎಚ್ ಮೀಟರ್ ಕೊಂಡ ಮಾತ್ರಕ್ಕೆ ಹಂದಿಯ ನೋವನ್ನು ಅಳೆದಂತಾಗುವುದಿಲ್ಲ.

ಕರುಳು ಮತ್ತು ಅಂಗಗಳ ತಪಾಸಣೆ ಹೇಗೂ ನನ್ನ ಕೆಲಸವೇ ಆಗಿದ್ದರಿಂದ ಅದಕ್ಕೂ ಒಂದು ಅಂಕಣ ಸೇರಿಸಿದೆ. ನಾಲಗೆ, ಹೃದಯ, ವಪೆಯಲ್ಲಿ ಲಾಡಿಹುಳುವಿನ ಕೋಶಗಳನ್ನು ಹುಡುಕುವುದು ತಿನ್ನುವವರ ಸುರಕ್ಷತೆಗೆ. ಯಕೃತ್ತಿನ ಮೇಲಿನ ಹಾಲಿನಂಥ ಬಿಳಿ ಮಚ್ಚೆಗಳು ದುಂಡುಹುಳುವಿನ ಮರಿಗಳು ಹಾದುಹೋದ ದಾರಿಯನ್ನು ತೋರಿಸುತ್ತವೆ. ಈ ಮಚ್ಚೆಗಳು ಕೆಲವು ವಾರಗಳಲ್ಲಿ ಮಾಯುವುದರಿಂದ, ಅವು ಕಂಡಾಗಲೆಲ್ಲ ಸಾಕಣೆಯ ಜಾಗದಲ್ಲಿ ಈಚೆಗಷ್ಟೇ ಹುಳುವಿನ ಸೋಂಕಾಗಿದೆ ಎಂದು ಖಚಿತವಾಗಿ ಹೇಳಬಹುದು. ಹಂದಿಯ ಸಂಖ್ಯೆ, ಶ್ವಾಸಕೋಶ ಮತ್ತು ಯಕೃತ್ತಿನ ಸ್ಥಿತಿ, ಹಳೆಯ ಗೀರುಗಳು, ಇಷ್ಟನ್ನು ಚೀಟಿಯಲ್ಲಿ ಬರೆದು ಹಣದ ಲೆಕ್ಕದ ಜೊತೆಗೇ ಸಾಕಣೆದಾರರ ಕೈಗೆ ಕೊಡಿಸುತ್ತಿದ್ದೆ. ಹಣ ಎಣಿಸುವಾಗ ಚೀಟಿಯನ್ನೂ ಓದುತ್ತಾರೆ. ಬೇರೆಯಾಗಿ ಕಳಿಸಿದ್ದನ್ನು ಓದಿದವರು ಕಡಿಮೆ.