ರಟ್ಟಿನಲ್ಲಿ ಇ331 ರೈಲಿನ ಮಾದರಿ ಮಾಡುವ ಕ್ರಮ

ಶಾಲಾ ವಿಜ್ಞಾನ ಮೇಳಕ್ಕೆ ರೈಲಿನ ಮಾದರಿ ಮಾಡಲು ಹೊರಟ ಮಕ್ಕಳು ಮೊದಲು ಕಾಸರಗೋಡು ನಿಲ್ದಾಣಕ್ಕೆ ಹೋಗಿ, ಎದುರಿನ ಪ್ಲಾಟ್‌ಫಾರ್ಮಿನಿಂದ ಯಾವುದಾದರೊಂದು ಗಾಡಿಯ ತಳವನ್ನು ಗಮನವಿಟ್ಟು ನೋಡಬೇಕು. ಪ್ರತಿಯೊಂದು ಬೋಗಿಯ ಕೆಳಗೂ ನಾಲ್ಕು ನಾಲ್ಕು ಗಾಲಿಗಳ ಎರಡು ಚೌಕಟ್ಟುಗಳಿರುತ್ತವೆ. (ರೈಲ್ವೆಯ ತಂತ್ರಜ್ಞರು ಬೋಗಿ ಎನ್ನುವುದು ಈ ಚೌಕಟ್ಟಿಗೇ, ಇಲ್ಲಿ ನಮ್ಮ ರೂಢಿಯ ಅರ್ಥವನ್ನೇ ಇಟ್ಟುಕೊಂಡಿದ್ದೇನೆ.)

ಜಪಾನಿನ ರೈಲ್ವೆ ಕಂಪನಿಯಾದ ಜೆಆರ್ ಈಸ್ಟ್ ಸಂಸ್ಥೆಯ ಇ331 ರೈಲು ಈ ಪದ್ಧತಿಯನ್ನು ಬಿಟ್ಟಿತು. 2007ರ ಮಾರ್ಚ್‌ನಲ್ಲಿ ಟೋಕಿಯೊದ ಕೇಯೋ ಮಾರ್ಗದಲ್ಲಿ ಓಡಲಾರಂಭಿಸಿದ ಈ ರೈಲಿನಲ್ಲಿ ಅಕ್ಕಪಕ್ಕದ ಎರಡು ಬೋಗಿಗಳು ಒಂದೇ ಚೌಕಟ್ಟಿನ ಮೇಲೆ ಕೂರುತ್ತಿದ್ದವು. ಏಳು ಬೋಗಿಗಳ ಎರಡು ಸರಣಿಗಳಿಗೆ ತಲಾ ಎಂಟರಂತೆ 16 ಚೌಕಟ್ಟುಗಳು ಸಾಕಾದವು; ಅಷ್ಟೇ ಉದ್ದಕ್ಕೆ ಬರುವ 20 ಮೀಟರಿನ ಹತ್ತು ಸಾಮಾನ್ಯ ಬೋಗಿಗಳಿಗಾದರೆ 20 ಬೇಕು. ಮೋಟಾರು ಹಲ್ಲುಚಕ್ರಗಳ ನೆರವಿಲ್ಲದೆ ಗಾಲಿಯ ಅಚ್ಚನ್ನು ನೇರವಾಗಿ ತಿರುಗಿಸುತ್ತಿತ್ತು. ಇಂಥ ರೈಲು ನಿರ್ಮಾಣವಾದದ್ದು ಒಂದೇ ಒಂದು. 2014ರಲ್ಲಿ ಅದೂ ಗುಜರಿಗೆ ಹೋಯಿತು.

ಹದಿನಾಲ್ಕು ಬೋಗಿಗಳನ್ನೂ ಮಾಡುವ ಆಸೆ ಬೇಡ. ಮಧ್ಯದ ಮೂರು ಸಾಕು. ನೂರರಲ್ಲಿ ಒಂದರ ಅಳತೆಯಲ್ಲಿ 13.4 ಮೀಟರಿನ ಬೋಗಿ 13.4 ಸೆಂಟಿಮೀಟರ್ ಆಗುತ್ತದೆ. ಅಗಲ ಸುಮಾರು 3 ಸೆಂಟಿಮೀಟರ್ ಇರಲಿ. ಜಪಾನಿನ ಆ ಹಳಿಯ ಅಗಲ 1067 ಮಿಲಿಮೀಟರ್ ಆದ್ದರಿಂದ ಎದುರುಬದುರಿನ ಗಾಲಿಗಳ ನಡುವೆ ಸುಮಾರು ಒಂದು ಸೆಂಟಿಮೀಟರ್ ಬಿಡಬೇಕು. ನಮ್ಮೂರಿನ 1676 ಮಿಲಿಮೀಟರಿನ ಹಳಿಯನ್ನು ಕಂಡ ಕಣ್ಣಿಗೆ ಅದು ಕಿರಿದೆನಿಸಿದರೂ ಅಳತೆ ಬದಲಿಸಬಾರದು. ಅಂಗಿಯ ಸಣ್ಣ ಗುಂಡಿಗಳು ಗಾಲಿಗಳಿಗೂ ಹಿಡಿಸೂಡಿಯ ಕಡ್ಡಿ ಅಚ್ಚಿಗೂ ಒದಗುತ್ತವೆ. ಅಚ್ಚಿನ ನಡುವೆ ತೆಳುವಾದ ತಾಮ್ರದ ತಂತಿಯನ್ನು ಸುತ್ತಿದರೆ ಮೋಟಾರಿನ ಸ್ಥಾನ ನೋಡುವವರಿಗೆ ತಾನಾಗಿ ತಿಳಿಯುತ್ತದೆ. ಹೊರಮೈಗೆ ಬೆಳ್ಳಿ ಬಣ್ಣದ ಕಾಗದವನ್ನೂ ಅದರ ಮೇಲೆ ಕಡುಗೆಂಪು ಪಟ್ಟಿಯನ್ನೂ ಅಂಟಿಸಿ.

ಹೆಚ್ಚು ಸಮಯ ಕೊಡಬೇಕಾದದ್ದು ಜೋಡಣೆಗೆ. ಎದುರುಬದುರಾದ ಬೋಗಿಗಳ ತಳದಿಂದ ಒಂದೊಂದು ರಟ್ಟಿನ ನಾಲಗೆಯನ್ನು ಹೊರಚಾಚಿ, ಒಂದರ ಮೇಲೊಂದು ಬರುವಂತೆ ಇರಿಸಿ, ಎರಡಕ್ಕೂ ಕೆಳಗಿನ ಚೌಕಟ್ಟಿಗೂ ಸೇರಿಸಿ ಒಂದೇ ಗುಂಡುಸೂಜಿ ಚುಚ್ಚಬೇಕು. ತೂತು ಸೂಜಿಗಿಂತ ಕೊಂಚ ಸಡಿಲವಾಗಿರಲಿ. ಬಿಗಿಯಾದರೆ ತಿರುವಿನಲ್ಲಿ ಗುಂಡಿಗಳು ಹಳಿ ಬಿಟ್ಟು ಏಳುತ್ತವೆ. ಬೋಗಿಗಳ ನಡುವೆ ಅರ್ಧ ಸೆಂಟಿಮೀಟರ್ ಜಾಗ ಬಿಡದಿದ್ದರೆ ಮೂಲೆಗಳು ಒಂದಕ್ಕೊಂದು ತಾಗುತ್ತವೆ. ಸರಣಿಯ ಎರಡು ಹೊರತುದಿಗಳಿಗೆ ಒಂದೊಂದು ಚೌಕಟ್ಟು ಸೇರಿ ಒಟ್ಟು ನಾಲ್ಕೇ ಆಗಬೇಕು.

ಮೇಳದಲ್ಲಿ ಮೊದಲು ಇದನ್ನು ತಿರುವಿನಲ್ಲಿ ಓಡಿಸಿ ತೋರಿಸಿ. ಆಮೇಲೆ ಒಂದು ಸೂಜಿಯನ್ನು ಕಿತ್ತು ನಡುವಿನ ಚೌಕಟ್ಟೊಂದನ್ನು ಹೊರಗೆಳೆಯಿರಿ: ಎರಡು ಬೋಗಿಗಳ ತುದಿಗಳೂ ಒಟ್ಟಿಗೆ ಹಳಿಯ ಮೇಲೆ ಕುಸಿಯುತ್ತವೆ. ದುರಸ್ತಿಗೆಂದು ಒಂದೇ ಬೋಗಿಯನ್ನು ಬೇರ್ಪಡಿಸುವುದು ಇಂಥ ರೈಲಿನಲ್ಲಿ ಎಷ್ಟು ಕಷ್ಟವೆಂಬುದನ್ನು ಆಗಲೇ ವಿವರಿಸಿ.